ತುಮಕೂರಿನಿಂದ ಒಂದು ದಿನದ ಕಡಲ ನಡಿಗೆ: ಅಘನಾಶಿನಿ ಹೊಳೆ ದಾಟಿ ಗೋಕರ್ಣಕ್ಕೆ

ಬಿ.ಎಚ್. ರಸ್ತೆಯವ · ಭಾನುವಾರ ರಾತ್ರಿ

ನಾನು ಹುಟ್ಟಿ ಬೆಳೆದದ್ದು ನಮ್ಮೂರಿನ ಬಿ.ಎಚ್. ರಸ್ತೆಯಲ್ಲಿ. ಆ ಎಚ್ ಅಂದರೆ ಹೊನ್ನಾವರ ಅಂತ ತಿಳಿದದ್ದು ಕಾಲೇಜಿಗೆ ಹೋದ ಮೇಲೆ. ಹಳೆಯ ಲೆಕ್ಕದ 206ನೇ ಹೆದ್ದಾರಿ ತುಮಕೂರಿನಲ್ಲೇ ಶುರುವಾಗಿ ಗುಬ್ಬಿ, ತಿಪಟೂರು, ಅರಸೀಕೆರೆ, ಶಿವಮೊಗ್ಗ, ಸಾಗರ ದಾಟಿ ಹೊನ್ನಾವರಕ್ಕೆ ಹೋಗಿ ಮುಗಿಯುತ್ತಿತ್ತು. ಮನೆ ಮುಂದಿನ ರಸ್ತೆ ಹಿಡಿದು ಹೋಗುತ್ತಲೇ ಇದ್ದರೆ ಸಮುದ್ರ ಸಿಗುತ್ತದೆ ಅನ್ನುವ ಮಾತು ಅವತ್ತಿನಿಂದ ತಲೆಯಲ್ಲಿ ಕೂತಿದೆ.

ಕಳೆದ ವಾರ ನಾವು ಐದು ಜನ ಆ ರಸ್ತೆಯಲ್ಲೇ ರಾತ್ರಿ ಬಸ್ಸಿನಲ್ಲಿ ಹೋದೆವು. ಹೊನ್ನಾವರದಿಂದ ಉತ್ತರಕ್ಕೆ ಇಪ್ಪತ್ತು ಕಿ.ಮೀ. ಆಸುಪಾಸು ಹೋದರೆ ಕುಮಟಾ. ಅಲ್ಲಿಂದ ಗೋಕರ್ಣದವರೆಗೆ ಕಡಲ ದಂಡೆಯಲ್ಲೇ ನಡೆಯಬಹುದು. ಪೂರ್ತಿ ನಡೆಯುವವರು ಸಾಮಾನ್ಯವಾಗಿ ಎರಡು ದಿನ ತೆಗೆದುಕೊಳ್ಳುತ್ತಾರೆ. ನಮಗೆ ಇದ್ದದ್ದು ಒಂದೇ ದಿನ. ಅದಕ್ಕೆ ಕುಮಟಾ ಕಡೆಯ ವನ್ನಳ್ಳಿ, ಕಡ್ಲೆ ದಂಡೆಗಳನ್ನು ಬಿಟ್ಟು, ಆಟೋದಲ್ಲಿ ಬಾಡದವರೆಗೆ ಹೋಗಿ ಅಲ್ಲಿಂದ ಶುರು ಮಾಡಿದೆವು. ಬೆಳಗ್ಗೆ ಏಳಕ್ಕೆ ಮರಳಿನ ಮೇಲೆ ಕಾಲಿಟ್ಟೆವು.

ಬಾಡದ ದಂಡೆ ಉದ್ದಕ್ಕೆ ನೇರವಾಗಿದೆ. ಎಡಗಡೆ ಸಮುದ್ರ, ಬಲಗಡೆ ತೆಂಗು ಮತ್ತು ಗಾಳಿ ಮರ. ತೆಂಗು ನೋಡಿದ ಕೂಡಲೇ ಊರು ನೆನಪಾಯಿತು. ಆದರೆ ನಮ್ಮ ಕಡೆ ತೆಂಗಿನ ತೋಟದಲ್ಲಿ ಕೇಳುವುದು ಮೋಟರ್ ಸದ್ದು, ಇಲ್ಲಿ ಅಲೆಯ ಸದ್ದು. ಬಾಡ ಮುಗಿದ ಮೇಲೆ ಕಾಗಾಲ, ಆಮೇಲೆ ಕಿರುಬೇಲೆ. ಆ ಕಡೆ ಮರಳು ದಂಡೆಗೆ ‘ಬೇಲೆ’ ಅನ್ನುತ್ತಾರೆ. ಕಿರುಬೇಲೆ ಅಂದರೆ ಚಿಕ್ಕ ದಂಡೆ. ನಿಜವಾಗಿಯೂ ಚಿಕ್ಕದು, ಎರಡು ಕಡೆ ಕಪ್ಪು ಬಂಡೆ. ಅಲ್ಲಿ ಬಹಳ ಹೊತ್ತು ಕೂತುಬಿಡಬೇಕು ಅನ್ನಿಸುತ್ತದೆ. ಕೂರಬೇಡಿ. ಯಾಕೆ ಅಂತ ಮುಂದೆ ಹೇಳುತ್ತೇನೆ.

ಗುಡ್ಡ ಹತ್ತಿ ಇಳಿದರೆ ಅಘನಾಶಿನಿ ಊರು. ಹೊಳೆಯ ಹೆಸರೂ ಅದೇ. ಹೊಳೆ ಸಮುದ್ರ ಸೇರುವ ಜಾಗದಲ್ಲಿ ಈ ಕಡೆ ಅಘನಾಶಿನಿ, ಆ ಕಡೆ ತದಡಿ. ಕಣ್ಣಿಗೆ ಎದುರುಬದುರು. ರಸ್ತೆಯಲ್ಲಿ ಹೋಗಬೇಕೆಂದರೆ ಕುಮಟಾ, ಮಿರ್ಜಾನ, ಮಾದನಗೇರಿ ಎಲ್ಲಾ ಸುತ್ತಬೇಕು. ದೋಣಿಯಲ್ಲಿ ಹತ್ತು–ಹದಿನೈದು ನಿಮಿಷ.

ಆ ದೋಣಿಯೇ ನಮ್ಮ ದಿನದ ಜೀವ ಆಗಿತ್ತು. ಮರದ ದೋಣಿ, ಹಿಂದೆ ಇಂಜಿನ್, ಅಂಚಿನಲ್ಲಿ ಕೂರಲು ಹಲಗೆ. ನಮ್ಮ ಜೊತೆ ಮೀನಿನ ಬುಟ್ಟಿ ಇಟ್ಟುಕೊಂಡ ಇಬ್ಬರು ಹೆಂಗಸರು, ಶಾಲೆ ಚೀಲದ ಒಬ್ಬ ಹುಡುಗ, ಬೈಕ್ ಹತ್ತಿಸಿದ ಒಬ್ಬರು. ಬೈಕನ್ನು ನಾಲ್ಕು ಜನ ಎತ್ತಿ ಒಳಗಿಟ್ಟರು, ನಾವೂ ಕೈ ಹಾಕಿದೆವು. ಕೊಟ್ಟ ದುಡ್ಡು ಎರಡು ಟೀ ಕುಡಿಯುವಷ್ಟೂ ಇಲ್ಲ. ನಡುಹೊಳೆಗೆ ಬಂದಾಗ ಎಡಕ್ಕೆ ಸಮುದ್ರದ ಬಾಯಿ, ಬಲಕ್ಕೆ ಅಗಲವಾದ ಹೊಳೆ, ಅದರ ಹಿಂದೆ ಘಟ್ಟ. ನಾನು ಶಿಂಷಾ ಹುಟ್ಟುವ ದೇವರಾಯನದುರ್ಗವನ್ನು ನೂರು ಸಲ ಹತ್ತಿದವನು. ಒಂದು ಹೊಳೆ ಸಮುದ್ರ ಸೇರುವುದನ್ನು ಅದರ ಮೇಲೆ ತೇಲುತ್ತಾ ನೋಡಿದ್ದು ಇದೇ ಮೊದಲು. ಕಣ್ಣು ತುಂಬಿ ಬಂತು.

ತದಡಿ ಮೀನು ಬಂದರು. ಅಲ್ಲಿಂದ ಬೆಲೆಕಾನ, ಪ್ಯಾರಡೈಸ್, ಹಾಫ್ ಮೂನ್, ಓಂ, ಕುಡ್ಲೆ, ಕೊನೆಗೆ ಗೋಕರ್ಣದ ದೊಡ್ಡ ದಂಡೆ. ಪ್ಯಾರಡೈಸ್ ಮತ್ತು ಹಾಫ್ ಮೂನ್‌ಗೆ ವಾಹನ ಹೋಗುವ ರಸ್ತೆ ಇಲ್ಲ. ಕಾಲುದಾರಿ ಅಥವಾ ದೋಣಿ, ಅಷ್ಟೇ. ನಮ್ಮಲ್ಲಿ ಒಬ್ಬರಿಗೆ ಹಾಫ್ ಮೂನ್ ಹತ್ತಿರ ಮಂಡಿ ನೋವು ಶುರುವಾಯಿತು. ಅಲ್ಲಿ ನಿಂತಿದ್ದ ದೋಣಿಯವರನ್ನು ಕೇಳಿ ಅವರನ್ನೂ ಇನ್ನೊಬ್ಬರನ್ನೂ ಓಂ ದಂಡೆಗೆ ಕಳಿಸಿದೆವು. ಉಳಿದ ಮೂವರು ಗುಡ್ಡದ ಮೇಲಿನ ದಾರಿ ಹಿಡಿದೆವು. ಅದು ಪ್ರವಾಸಿಗರ ದೋಣಿ, ದರ ಮಾತಾಡಿಕೊಂಡೇ ಹತ್ತಬೇಕು. ಸಂಜೆ ಆರರ ಹೊತ್ತಿಗೆ ಗೋಕರ್ಣದಲ್ಲಿ ಎಲ್ಲರೂ ಸೇರಿದೆವು.

ಈಗ ಕಿರುಬೇಲೆಯ ಮಾತು. ಎರಡು ವರ್ಷದ ಹಿಂದೆ ಇದೇ ನಡಿಗೆಗೆ ಹೊರಟಿದ್ದೆ. ಬೆಳಗ್ಗೆ ತಡವಾಗಿ ಶುರು ಮಾಡಿದೆವು, ಕಿರುಬೇಲೆಯಲ್ಲಿ ಮಧ್ಯಾಹ್ನ ಪೂರ್ತಿ ಕಳೆದೆವು. ಅಘನಾಶಿನಿಗೆ ಬಂದಾಗ ಕತ್ತಲು. ದೋಣಿ ಕಟ್ಟಿಹಾಕಿ ಎಲ್ಲರೂ ಮನೆಗೆ ಹೋಗಿದ್ದರು. ಎದುರು ದಂಡೆಯಲ್ಲಿ ತದಡಿಯ ದೀಪ ಕಾಣುತ್ತಿತ್ತು, ಹೋಗುವ ದಾರಿ ಇರಲಿಲ್ಲ. ಊರಿನವರೊಬ್ಬರು ಕರುಣೆಯಿಂದ ಆಟೋ ಹುಡುಕಿಕೊಟ್ಟರು, ಕುಮಟಾಕ್ಕೆ ವಾಪಸ್ ಬಂದೆವು. ಅದಕ್ಕೇ ಹೇಳುತ್ತಿದ್ದೇನೆ: ಮೊದಲು ಹೊಳೆ ದಾಟಿ, ಆಮೇಲೆ ಎಲ್ಲಿ ಬೇಕಾದರೂ ಕೂರಿ. ಹೊಳೆಯ ಆಚೆ ತಡವಾದರೆ ಓಂ ದಂಡೆಯಲ್ಲಿ ಆಟೋ ಸಿಗುತ್ತದೆ. ಈಚೆ ತಡವಾದರೆ ದಿನವೇ ಮುಗಿಯಿತು.

ನಮ್ಮ ಜಿಲ್ಲೆಯಿಂದ ಹೋಗಬೇಕು ಅನ್ನುವವರು ಏನು ಬೇಕಾದರೂ ಕೇಳಿ.

ಮಧುಗಿರಿ ಬಂಡೆ · ಭಾನುವಾರ ರಾತ್ರಿ

ತುಂಬಾ ಚೆನ್ನಾಗಿ ಬರೆದಿದ್ದೀರಿ ಅಣ್ಣ. ಮಧುಗಿರಿ ಬೆಟ್ಟ ಹತ್ತುವ ನಮಗೆ ಇದು ಸುಲಭವಾ? ಎಷ್ಟು ಕಿ.ಮೀ. ಅಂತ ಹೇಳಲಿಲ್ಲ.

ಬಿ.ಎಚ್. ರಸ್ತೆಯವ · ಭಾನುವಾರ ರಾತ್ರಿ

ಕಿ.ಮೀ. ಲೆಕ್ಕ ಇಲ್ಲಿ ದಾರಿ ತಪ್ಪಿಸುತ್ತದೆ. ಮರಳಿನಲ್ಲಿ ಒಂದು ಕಿ.ಮೀ. ನಡೆದರೆ ರಸ್ತೆಯಲ್ಲಿ ಎರಡು ನಡೆದಷ್ಟು ಕಾಲು ನೋಯುತ್ತದೆ. ಮಧುಗಿರಿ ಏಕಶಿಲೆ ಹತ್ತಿದ ಕಾಲಿಗೆ ಗುಡ್ಡಗಳು ಏನೂ ಅಲ್ಲ. ಮರಳು ಮಾತ್ರ ಬೇರೆ ಪಾಠ. ನೀರಂಚಿನ ಒದ್ದೆ ಮರಳು ಗಟ್ಟಿ ಇರುತ್ತದೆ, ಅಲ್ಲೇ ನಡೆಯಿರಿ. ನಾವು ಊಟ, ವಿಶ್ರಾಂತಿ, ದೋಣಿಗೆ ಕಾದದ್ದು ಎಲ್ಲಾ ಸೇರಿ 11 ಗಂಟೆ ತೆಗೆದುಕೊಂಡೆವು.

ತಿಪಟೂರು ಕೊಬ್ಬರಿ · ಸೋಮವಾರ ಬೆಳಗ್ಗೆ

ಊಟಕ್ಕೆ ಏನು ಒಯ್ದಿರಿ? ನಾನು ನಡಿಗೆಗೆ ಹೋದಾಗಲೆಲ್ಲ ಕೊಬ್ಬರಿ, ಬೆಲ್ಲ, ಹುರಿಗಡಲೆ ಒಯ್ಯುತ್ತೇನೆ. ಕೆಡುವುದಿಲ್ಲ, ಹಸಿವು ತಡೆಯುತ್ತದೆ.

ಬಿ.ಎಚ್. ರಸ್ತೆಯವ · ಸೋಮವಾರ ಬೆಳಗ್ಗೆ

ಸರಿಯಾಗಿ ಹೇಳಿದಿರಿ. ನಾವೂ ಅದನ್ನೇ ಒಯ್ದಿದ್ದೆವು, ಜೊತೆಗೆ ಚಪಾತಿ, ಕಡಲೆಬೀಜದ ಚಟ್ನಿಪುಡಿ. ಒಬ್ಬೊಬ್ಬರು 3 ಲೀಟರ್ ನೀರು. ಬಾಡದಿಂದ ಅಘನಾಶಿನಿವರೆಗೆ ಅಂಗಡಿ ನಂಬಿಕೊಳ್ಳಬೇಡಿ. ತದಡಿಯಲ್ಲಿ ಊಟ ಸಿಗುತ್ತದೆ.

ಕುಮಟಾ ತವರು · ಸೋಮವಾರ ಮಧ್ಯಾಹ್ನ

ನಾನು ಕುಮಟಾ ತಾಲ್ಲೂಕಿನವಳು. ಮದುವೆಯಾಗಿ ತುಮಕೂರಿಗೆ ಬಂದು 14 ವರ್ಷ ಆಯಿತು, ಇಲ್ಲೇ ಶಾಲೆಯಲ್ಲಿ ಪಾಠ ಮಾಡುತ್ತೇನೆ. ನಮ್ಮೂರಿನ ಹೊಳೆಯ ಬಗ್ಗೆ ತುಮಕೂರಿನವರು ಇಷ್ಟು ಪ್ರೀತಿಯಿಂದ ಬರೆದದ್ದು ನೋಡಿ ಮನಸ್ಸು ತುಂಬಿತು.

ಕೆಲವು ವಿಷಯ ಸೇರಿಸುತ್ತೇನೆ.

ನೀವು ಹತ್ತಿದ ದೋಣಿಗೆ ನಮ್ಮ ಕಡೆ ‘ತಾರಿ’ ಅನ್ನುತ್ತಾರೆ. ದಾಟುವ ಜಾಗಕ್ಕೂ ಅದೇ ಹೆಸರು. “ತಾರಿ ಬಂತಾ?” ಅಂದರೆ ಇಲ್ಲಿ “ಬಸ್ ಬಂತಾ?” ಅಂದ ಹಾಗೆ. ಅದು ಪ್ರವಾಸದ ದೋಣಿ ಅಲ್ಲ, ಊರಿನ ಬಸ್ಸು. ಮೀನು ಮಾರುವವರು, ಬ್ಯಾಂಕಿಗೆ ಹೋಗುವವರು, ನೆಂಟರ ಮನೆಗೆ ಹೋಗುವವರು ಅದನ್ನೇ ನಂಬಿದ್ದಾರೆ. ರಜೆ ದಿನ ಹತ್ತು–ಹದಿನೈದು ಜನರ ಗುಂಪು ಬಂದು ದೋಣಿ ಪೂರ್ತಿ ತುಂಬಿಬಿಟ್ಟರೆ, ಬುಟ್ಟಿ ಹೊತ್ತ ಅಜ್ಜಿ ಬಿಸಿಲಲ್ಲಿ ಮುಂದಿನ ದೋಣಿ ಕಾಯಬೇಕು. ದಯವಿಟ್ಟು ಅವರನ್ನು ಮೊದಲು ಹತ್ತಿಸಿ. ಮುಖದ ಹತ್ತಿರ ಕ್ಯಾಮೆರಾ ಹಿಡಿಯಬೇಡಿ, ಕೇಳಿ ತೆಗೆಯಿರಿ. ದೋಣಿ ನಡುವೆ ಎದ್ದು ನಿಲ್ಲಬೇಡಿ. ಲೈಫ್ ಜಾಕೆಟ್ ಇದ್ದರೆ ಕೇಳಿ ಹಾಕಿಕೊಳ್ಳಿ, ನಾಚಿಕೆ ಬೇಡ.

ಇನ್ನೊಂದು, ಭರತ ಮತ್ತು ಇಳಿತ. ನೀವು ಅದನ್ನು ಬರೆಯಲೇ ಇಲ್ಲ, ಅಣ್ಣ. ನಮ್ಮ ಕಡೆ ದಿನ ಶುರುವಾಗುವುದೇ ಅದರ ಲೆಕ್ಕದಲ್ಲಿ. ದಿನಕ್ಕೆ 2 ಸಲ ನೀರು ಏರುತ್ತದೆ, 2 ಸಲ ಇಳಿಯುತ್ತದೆ. ಆ ಹೊತ್ತು ದಿನದಿಂದ ದಿನಕ್ಕೆ ಸುಮಾರು 50 ನಿಮಿಷ ಮುಂದೆ ಹೋಗುತ್ತದೆ. ಇವತ್ತು ಎಂಟು ಗಂಟೆಗೆ ಇಳಿತ ಇದ್ದರೆ ನಾಳೆ ಒಂಬತ್ತರ ಹತ್ತಿರ. ಹುಣ್ಣಿಮೆ, ಅಮಾವಾಸ್ಯೆಯ ಆಸುಪಾಸು ಏರಿಳಿತ ಜಾಸ್ತಿ. ಅಷ್ಟಮಿ ಹತ್ತಿರ ಕಡಿಮೆ. ಮನೆಯ ಕ್ಯಾಲೆಂಡರಿನಲ್ಲಿ ತಿಥಿ ನೋಡಿದರೆ ಅರ್ಧ ವಿಷಯ ಗೊತ್ತಾಗುತ್ತದೆ.

ಇದು ನಡೆಯುವವರಿಗೆ ಯಾಕೆ ಮುಖ್ಯ ಅಂದರೆ, ಇಳಿತದಲ್ಲಿ ದಂಡೆಯಿಂದ ದಂಡೆಗೆ ಬಂಡೆ ಬಳಸಿ ಹೋಗಬಹುದು ಅನ್ನಿಸುತ್ತದೆ. ಅರ್ಧ ದಾರಿಯಲ್ಲಿ ಭರತ ಶುರುವಾದರೆ ಹಿಂದೆಯೂ ನೀರು, ಮುಂದೆಯೂ ನೀರು. ಆ ಬಂಡೆಗಳ ಮೇಲೆ ಪಾಚಿ ಇರುತ್ತದೆ, ಚಿಪ್ಪು ಕೂತಿರುತ್ತದೆ, ಕಾಲು ಜಾರಿದರೆ ಕೊಯ್ದುಬಿಡುತ್ತದೆ. ಗೊತ್ತಿಲ್ಲದವರು ಯಾವಾಗಲೂ ಗುಡ್ಡದ ಮೇಲಿನ ಕಾಲುದಾರಿಯಲ್ಲೇ ಹೋಗಿ. ಸುತ್ತು ಅನ್ನಿಸಿದರೂ ಅದೇ ಸರಿ.

ಕುಣಿಗಲ್ ಅಮ್ಮ · ಸೋಮವಾರ ಸಂಜೆ

ನಮಸ್ತೆ. ನನಗೆ 9 ಮತ್ತು 12 ವರ್ಷದ ಇಬ್ಬರು ಮಕ್ಕಳು. ಇಬ್ಬರೂ ಸಮುದ್ರ ನೋಡಿಲ್ಲ. ಇಷ್ಟು ಉದ್ದ ನಡೆಸುವುದು ಕಷ್ಟ. ಆದರೆ ದೋಣಿಯಲ್ಲಿ ಹೊಳೆ ದಾಟಿಸಬೇಕು ಅಂತ ಆಸೆ. ನಮ್ಮ ಮಾರ್ಕೋನಹಳ್ಳಿ ಡ್ಯಾಂ ನೀರು ನೋಡಿಯೇ ಕುಣಿಯುತ್ತಾರೆ. ಏನು ಮಾಡಬಹುದು?

ಕುಮಟಾ ತವರು · ಸೋಮವಾರ ಸಂಜೆ

ಅಕ್ಕ, ಮಕ್ಕಳಿಗೆ ಅರ್ಧ ನಡಿಗೆ ಸಾಕು. ಕುಮಟಾದಿಂದ ವಾಹನದಲ್ಲೇ ಅಘನಾಶಿನಿ ಊರಿಗೆ ಬನ್ನಿ. ತಾರಿ ಹತ್ತಿ ತದಡಿಗೆ ದಾಟಿ. ಅಲ್ಲಿಂದ ಗೋಕರ್ಣಕ್ಕೆ ಬಸ್, ಆಟೋ ಇವೆ. ಓಂ ದಂಡೆಯಲ್ಲಿ ಇಳಿದು ಕುಡ್ಲೆವರೆಗೆ ನಡೆಸಿ. ಮಕ್ಕಳಿಗೆ ಗುಡ್ಡವೂ ಸಿಕ್ಕಿತು, ಕಡಲೂ ಸಿಕ್ಕಿತು.

ಈಜಲು ಮಾತ್ರ ಬಿಡಬೇಡಿ. ಕೆರೆಯಲ್ಲಿ ಈಜು ಬಂದವರಿಗೂ ಸಮುದ್ರ ಬೇರೆಯೇ. ಅಲೆ ದಂಡೆಗೆ ತಂದ ನೀರು ವಾಪಸ್ ಹೋಗುವಾಗ ಒಂದೊಂದು ಕಡೆ ಕಾಲುವೆಯ ಹಾಗೆ ಜೋರಾಗಿ ಎಳೆಯುತ್ತದೆ. ಅಲೆ ಒಡೆಯದೆ ಸುಮ್ನೆ ಸಮತಟ್ಟಾಗಿ ಕಾಣುವ ಜಾಗವೇ ಅದು. ಹೊಸಬರು ಅಲ್ಲೇ ಶಾಂತ ಅಂತ ಇಳಿಯುತ್ತಾರೆ. ಸಿಕ್ಕಿಹಾಕಿಕೊಂಡರೆ ದಂಡೆಯ ಕಡೆ ನೇರವಾಗಿ ಈಜಬಾರದು. ದಂಡೆಗೆ ಸಮವಾಗಿ ಪಕ್ಕಕ್ಕೆ ಈಜಿ ಆ ಸೆಳೆತದಿಂದ ಹೊರಗೆ ಬರಬೇಕು. ಇದನ್ನು ಮಕ್ಕಳಿಗೂ ಹೇಳಿಕೊಡಿ.

ಪಾವಗಡ ಬಿಸಿಲು · ಸೋಮವಾರ ರಾತ್ರಿ

ಯಾವ ತಿಂಗಳು ಸರಿ? ನನಗೆ ಜೂನ್‌ನಲ್ಲಿ ರಜೆ.

ಕುಮಟಾ ತವರು · ಸೋಮವಾರ ರಾತ್ರಿ

ಜೂನ್ ಬೇಡವೇ ಬೇಡ. ಮಳೆಗಾಲದ ಕಡಲು ಮನುಷ್ಯರಿಗೆ ಅಲ್ಲ. ಯಂತ್ರದ ಮೀನು ದೋಣಿಗಳಿಗೇ ನಮ್ಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ನಿಷೇಧ ಇದೆ. ಮೀನು ಮರಿ ಮಾಡುವ ಕಾಲ ಅಂತಲೂ ಹೌದು, ಕಡಲು ಕೆರಳುವ ಕಾಲವೂ ಹೌದು. ಹೊಳೆಯೂ ಕೆಂಪು ನೀರು ತುಂಬಿ ಓಡುತ್ತದೆ. ನವೆಂಬರ್ ಕೊನೆಯಿಂದ ಫೆಬ್ರವರಿವರೆಗೆ ಬನ್ನಿ. ಮಾರ್ಚ್ ಆದ ಮೇಲೆ ಪಾವಗಡದವರೂ ಸೋಲುತ್ತೀರಿ. ಬಿಸಿಲು ನಿಮ್ಮಷ್ಟು ಇಲ್ಲದಿದ್ದರೂ ಗಾಳಿಯಲ್ಲಿ ತೇವ ಜಾಸ್ತಿ, ಬೆವರು ಆರುವುದೇ ಇಲ್ಲ.

ಶಿರಾ ಸೀಮೆ · ಮಂಗಳವಾರ ಬೆಳಗ್ಗೆ

ರೈಲಿನಲ್ಲಿ ಹೋಗುವವರಿಗೆ ಒಂದು ಮಾತು. ಬೆಂಗಳೂರು–ಕಾರವಾರ ಪಂಚಗಂಗಾ ರೈಲು ಕುಣಿಗಲ್, ಹಾಸನ, ಸಕಲೇಶಪುರ ಮೇಲೆ ಘಟ್ಟ ಇಳಿದು ಕರಾವಳಿಗೆ ಹೋಗುತ್ತದೆ. ಕುಮಟಾ, ಗೋಕರ್ಣ ರೋಡ್ ಎರಡರಲ್ಲೂ ನಿಲ್ಲುತ್ತದೆ. ತುಮಕೂರು ಸ್ಟೇಷನ್ ಮೇಲೆ ಬರುವುದಿಲ್ಲ. ನಾವು ಸಂಜೆ ಯಶವಂತಪುರಕ್ಕೆ ಹೋಗಿ ಹತ್ತಿದೆವು. ರಾತ್ರಿ ಮಲಗಿ ಬೆಳಗ್ಗೆ ಎದ್ದರೆ ಕಡಲ ಕಡೆಯ ಗಾಳಿ. ಮೊದಲೇ ಬುಕ್ ಮಾಡಿ, ವಾರದ ಕೊನೆಗೆ ಸೀಟು ಸಿಗುವುದು ಕಷ್ಟ.

ಇನ್ನು ಇದೇ ರೀತಿಯ ಬೇರೆ ನಡಿಗೆ. ಎರಡೂ ಕಡೆ ದಿನಾ ಓಡುವ ಊರ ದೋಣಿಯೇ ಬೇಕು ಅನ್ನುವವರಿಗೆ ಮಂಗಳೂರು ಚೆನ್ನ. ನಾನು ಹೋದ ದಾರಿ ಇದು. ಸುಲ್ತಾನ್ ಬತ್ತೇರಿ ಅಂತ ಟಿಪ್ಪು 1784ರಲ್ಲಿ ಕಟ್ಟಿಸಿದ ಕಪ್ಪು ಕಲ್ಲಿನ ಕಾವಲು ಗೋಪುರ ಇದೆ. ಗುರುಪುರ ಹೊಳೆಗೆ ಶತ್ರು ಹಡಗು ನುಗ್ಗದಂತೆ ನೋಡಿಕೊಳ್ಳಲು ಕಟ್ಟಿದ್ದು. ಅದರ ಕೆಳಗಿನಿಂದ ದೋಣಿ ಹತ್ತಿ ತಣ್ಣೀರುಬಾವಿಗೆ ದಾಟಿದೆ. ಅಲ್ಲಿಂದ ದಂಡೆಯಲ್ಲಿ ದಕ್ಷಿಣಕ್ಕೆ ನಡೆದೆ. ಹೋಗ್ತಾ ಹೋಗ್ತಾ ನೆಲ ಸಣ್ಣದಾಗುತ್ತದೆ. ಒಂದು ಕಡೆ ಸಮುದ್ರ, ಇನ್ನೊಂದು ಕಡೆ ಹೊಳೆ, ನಡುವೆ ಮರಳಿನ ನಾಲಗೆ. ಅದೇ ಬೆಂಗ್ರೆ. ಅಲ್ಲಿ ದೊಡ್ಡ ಊರೇ ಇದೆ. ಬೆಂಗ್ರೆಯಿಂದ ಫೆರ್ರಿ ಹತ್ತಿದರೆ ಹಳೆ ಬಂದರಿಗೆ ಬಂದು ಇಳಿಯುತ್ತೀರಿ, ಪೇಟೆಯ ನಡುವೆಯೇ. ಅರ್ಧ ದಿನ ಸಾಕು. ಕುಣಿಗಲ್ ಅಮ್ಮನವರ ಮಕ್ಕಳಿಗೆ ಇದು ಸರಿಹೋಗುತ್ತದೆ, ಗುಡ್ಡ ಇಲ್ಲ, ಎರಡು ದೋಣಿ ಸಿಗುತ್ತದೆ.

ಉಡುಪಿ ಕಡೆ ಕೋಡಿ ಬೆಂಗ್ರೆಯೂ ಹೀಗೇ. ಸುವರ್ಣಾ ಮತ್ತು ಸೀತಾ ಹೊಳೆ ಸಮುದ್ರ ಸೇರುವ ಜಾಗ. ಎದುರಿಗೆ ಹಂಗಾರಕಟ್ಟೆ. ಅಲ್ಲಿಯ ದಾಟು ಓಡುತ್ತಿದೆಯಾ ಅಂತ ಊರಿನವರನ್ನು ಕೇಳಿಕೊಂಡೇ ಹೋಗಿ.

ಮಧುಗಿರಿ ಬಂಡೆ · ಮಂಗಳವಾರ ಮಧ್ಯಾಹ್ನ

ಬತ್ತೇರಿ ಬಗ್ಗೆ ಕೇಳಿ ಖುಷಿಯಾಯಿತು. ನಮ್ಮ ಮಧುಗಿರಿ ಕೋಟೆಯನ್ನೂ ಹೈದರ್ ಮತ್ತು ಟಿಪ್ಪು ಆಳಿದ್ದಾರೆ. ಅದೇ ಆಳ್ವಿಕೆಯ ಇನ್ನೊಂದು ತುದಿಯಲ್ಲಿ ಹೊಳೆಯ ಬಾಯಿ ಕಾಯುವ ಗೋಪುರ. ನಮ್ಮ ಬೆಟ್ಟದ ಮೇಲೆ ನಿಂತು ಅದನ್ನು ಯೋಚನೆ ಮಾಡಿಯೇ ಇರಲಿಲ್ಲ.

ಗುಬ್ಬಿ ತೋಟ · ಮಂಗಳವಾರ ರಾತ್ರಿ

ನನಗೆ ಒಂದು ಬೇಜಾರು. ಸಾಗರದ ಹತ್ತಿರ ಸಿಗಂದೂರಿಗೆ ಹೋಗುವಾಗ ಲಾಂಚ್ ಹತ್ತುತ್ತಿದ್ದೆವು. ಅಂಬಾರಗೋಡ್ಲು ಹೊಳೆಬಾಗಿಲಲ್ಲಿ ಕಾದು, ಕಾರು, ಬಸ್ಸು, ಜನ ಎಲ್ಲಾ ಒಟ್ಟಿಗೆ ತೇಲಿಕೊಂಡು ಕಳಸವಳ್ಳಿಗೆ ಹೋಗುವುದು. ಚಿಕ್ಕಂದಿನಲ್ಲಿ ನನಗೆ ದೇವಿಯ ದರ್ಶನಕ್ಕಿಂತ ಲಾಂಚ್ ಮುಖ್ಯ ಆಗಿತ್ತು. 2025ರ ಜುಲೈನಲ್ಲಿ ಅಲ್ಲಿ ಸೇತುವೆ ಶುರುವಾಯಿತು. ಈಗ ಕಾರಿನಲ್ಲಿ ಎರಡು ನಿಮಿಷ. ತದಡಿಯಲ್ಲೂ ಒಂದು ದಿನ ಹೀಗೇ ಆಗುತ್ತದೆ ಅಲ್ವಾ? ಸೇತುವೆ ಬರುವ ಮೊದಲು ಎಲ್ಲರೂ ಹೋಗಿ ಬಂದುಬಿಡಿ. ಇಂಥ ದೋಣಿಗಳನ್ನು ಉಳಿಸಿಕೊಳ್ಳಬೇಕು.

ಕುಮಟಾ ತವರು · ಬುಧವಾರ ಬೆಳಗ್ಗೆ

ಗುಬ್ಬಿ ಅಣ್ಣ, ನಿಮ್ಮ ಬೇಜಾರು ಅರ್ಥವಾಗುತ್ತದೆ. ಆದರೆ ನಾನು ಒಪ್ಪುವುದಿಲ್ಲ.

ಸಿಗಂದೂರಿನ ಲಾಂಚ್ ಯಾಕೆ ಬಂತು ನೆನಪು ಮಾಡಿಕೊಳ್ಳಿ. ಲಿಂಗನಮಕ್ಕಿ ಅಣೆಕಟ್ಟು 1964ರಲ್ಲಿ ಮುಗಿಯಿತು, ಶರಾವತಿ ನೀರು ನಿಂತಿತು, ಊರುಗಳು ಮುಳುಗಿದವು. ಆಚೆ ದಡದ ಜನ ನಡುಗಡ್ಡೆಯವರಾದರು. ರಾಜ್ಯಕ್ಕೆಲ್ಲಾ ಕರೆಂಟ್ ಹೋಯಿತು, ಅವರಿಗೆ ಉಳಿದದ್ದು ಲಾಂಚ್. ನಮ್ಮ ತುಮಕೂರಿನ ಮನೆಯಲ್ಲಿ ದೀಪ ಉರಿದದ್ದೂ ಅದೇ ನೀರಿನಿಂದ. ರಾತ್ರಿ ಹೆರಿಗೆ ನೋವು ಬಂದರೆ, ಹಾವು ಕಚ್ಚಿದರೆ, ಲಾಂಚ್ ಇಲ್ಲ. ಆ ಜನ ಅರವತ್ತು ವರ್ಷ ಕಾದ ಸೇತುವೆ ಅದು.

ನಮ್ಮ ಹೊಳೆಯಲ್ಲೂ ಹಾಗೇ. ನನ್ನ ದೊಡ್ಡಮ್ಮನ ಮನೆ ತದಡಿ ಕಡೆ. ನಾನು ಹೈಸ್ಕೂಲಿನಲ್ಲಿದ್ದಾಗ ದೊಡ್ಡಪ್ಪ ತೀರಿಕೊಂಡ ಸುದ್ದಿ ರಾತ್ರಿ ಬಂತು. ಎದುರಿನ ದಡ, ದೀಪ ಕಾಣುತ್ತದೆ. ತಾರಿ ಬೆಳಗ್ಗೆ ಮಾತ್ರ. ನಮ್ಮ ಅಮ್ಮ ಆ ರಾತ್ರಿ ಪೂರ್ತಿ ದಂಡೆಯಲ್ಲೇ ಕೂತಿದ್ದರು. ಒಂದು ದಿನ ದೋಣಿ ಹತ್ತಿ ಹೋಗುವವರಿಗೆ ಅದು ಸೊಗಸು. ಬದುಕು ಪೂರ್ತಿ ಅದನ್ನೇ ನಂಬಿದವರು ಸೇತುವೆ ಕೇಳಿದರೆ ಅದನ್ನು ನಾವು ದೂರ ಕೂತು ಬೇಡ ಅನ್ನಬಾರದು.

ಉಳಿಸಿಕೊಳ್ಳಬೇಕಾದದ್ದು ಹೊಳೆ. ಅಘನಾಶಿನಿಗೆ ಎಲ್ಲೂ ದೊಡ್ಡ ಅಣೆಕಟ್ಟು ಇಲ್ಲ. ಶಿರಸಿ ಸೀಮೆಯಲ್ಲಿ ಹುಟ್ಟಿ, ಉಂಚಳ್ಳಿಯಲ್ಲಿ 116 ಮೀಟರ್ ಎತ್ತರದಿಂದ ಬಿದ್ದು, ತನ್ನ ಪಾಡಿಗೆ ತಾನು ಕಡಲಿಗೆ ಬರುತ್ತದೆ. ತದಡಿಯಲ್ಲಿ 4000 ಮೆಗಾವಾಟ್‌ನ ಕಲ್ಲಿದ್ದಲು ವಿದ್ಯುತ್ ಸ್ಥಾವರ ಮಾಡುವ ಯೋಜನೆ ಒಂದು ಕಾಲದಲ್ಲಿ ಇತ್ತು. ಜನ ಎದ್ದು ನಿಂತರು, ಅದು ಬರಲಿಲ್ಲ. ಹೊಳೆ ಕಡಲು ಸೇರುವ ಅಳಿವೆಯ 4801 ಹೆಕ್ಟೇರ್ ಜಾಗಕ್ಕೆ 2024ರಲ್ಲಿ ರಾಮ್ಸರ್ ಪಟ್ಟಿಯಲ್ಲಿ, ಅಂದರೆ ಜಗತ್ತಿನ ಮುಖ್ಯ ಜೌಗು ಪ್ರದೇಶಗಳ ಪಟ್ಟಿಯಲ್ಲಿ, ಹೆಸರು ಸಿಕ್ಕಿತು. ಅದೇ ವರ್ಷ ನಮ್ಮ ರಾಜ್ಯದ ಮಾಗಡಿ ಕೆರೆ, ಅಂಕಸಮುದ್ರಕ್ಕೂ ಸಿಕ್ಕಿತು.

ಗುಬ್ಬಿ ತೋಟ · ಬುಧವಾರ ಸಂಜೆ

ಅಕ್ಕ, ಕ್ಷಮಿಸಿ. ನಾನು ಆ ಕಡೆಯಿಂದ ಯೋಚಿಸಿರಲಿಲ್ಲ. ನಿಮ್ಮ ಅಮ್ಮನ ಮಾತು ಓದಿ ಸುಮ್ಮನೆ ಕೂತುಬಿಟ್ಟೆ. ಮುಂದಿನ ವಾರ ಅಪ್ಪನನ್ನು ಕರೆದುಕೊಂಡು ಹೋಗುತ್ತೇನೆ. ಅವರಿಗೆ 67 ವರ್ಷ. ಅಡಿಕೆ, ತೆಂಗು ಬಿಟ್ಟು ಎಲ್ಲೂ ಹೋದವರಲ್ಲ. ಅಘನಾಶಿನಿಯಿಂದ ತದಡಿಗೆ ದಾಟಿಸಿ, ಓಂ ದಂಡೆಯಿಂದ ಕುಡ್ಲೆವರೆಗೆ ಮಾತ್ರ ನಡೆಸುತ್ತೇನೆ.

ಬಿ.ಎಚ್. ರಸ್ತೆಯವ · ಬುಧವಾರ ರಾತ್ರಿ

ಕುಮಟಾ ಅಕ್ಕ ಬರೆದದ್ದನ್ನು ಎರಡು ಸಲ ಓದಿದೆ. ನಾನು ಕತ್ತಲಲ್ಲಿ ತದಡಿಯ ದೀಪ ನೋಡುತ್ತಾ ನಿಂತದ್ದು ಒಂದು ರಾತ್ರಿ. ಅವರ ಅಮ್ಮ ಅದೇ ದೀಪವನ್ನು ಬೇರೆ ಕಾರಣಕ್ಕೆ ನೋಡಿದ್ದಾರೆ.

ಗುಬ್ಬಿಯವರೇ, ಅಪ್ಪನಿಗೆ ಚಪ್ಪಲಿ ಗಟ್ಟಿಯದು ಹಾಕಿಸಿ. ಗುಡ್ಡದ ಮೇಲೆ ಚಿರೆಕಲ್ಲು, ಚೂಪು. ತದಡಿಯಲ್ಲಿ ದೋಣಿಯಿಂದ ಇಳಿಯುವಾಗ ಕೈ ಹಿಡಿಯಿರಿ, ಕಟ್ಟೆ ಒದ್ದೆ ಇರುತ್ತದೆ.

ಪಾವಗಡ ಬಿಸಿಲು · ಗುರುವಾರ ಬೆಳಗ್ಗೆ

ರಜೆ ಡಿಸೆಂಬರಿಗೆ ಬದಲಾಯಿಸಿಕೊಂಡೆ. ಮೂರು ಜನ ಇದ್ದೇವೆ, ಬಾಡದಿಂದ ಪೂರ್ತಿ ನಡೆಯುತ್ತೇವೆ. ಪಾವಗಡ, ಮಧುಗಿರಿ, ಶಿರಾ ಕಡೆಯಿಂದ ಯಾರಾದರೂ ಸೇರುವುದಾದರೆ ಇಲ್ಲಿ ಹೇಳಿ. ಐದಾರು ಜನಕ್ಕಿಂತ ಜಾಸ್ತಿ ಬೇಡ, ದೋಣಿ ತುಂಬಿಸುವುದು ಬೇಡ.

ಮಧುಗಿರಿ ಬಂಡೆ · ಗುರುವಾರ ಬೆಳಗ್ಗೆ

ನಾನು ಬರುತ್ತೇನೆ. ಅಷ್ಟಮಿ ಹತ್ತಿರದ ಶನಿವಾರ ನೋಡೋಣ.

ಗುಬ್ಬಿ ತೋಟ · ಮುಂದಿನ ಮಂಗಳವಾರ ರಾತ್ರಿ

ಹೋಗಿ ಬಂದೆವು.

ಅಘನಾಶಿನಿ ದಂಡೆಯಲ್ಲಿ ಅರ್ಧ ಗಂಟೆ ಕಾದೆವು. ಇಳಿತದ ಹೊತ್ತು. ಹೊಳೆ ನಡುವಿನ ದಿಬ್ಬ ಎದ್ದು ಕಾಣುತ್ತಿತ್ತು. ಹತ್ತಾರು ಜನ ಸೊಂಟದ ನೀರಲ್ಲಿ ನಿಂತು ಬಳಚು ಅನ್ನುವ ಚಿಪ್ಪುಮೀನು ಆರಿಸುತ್ತಿದ್ದರು. ಅಪ್ಪ ಅದನ್ನೇ ನೋಡುತ್ತಾ ನಿಂತರು. ದೋಣಿ ಬಂದಾಗ ಮೊದಲು ಊರಿನವರು ಹತ್ತಲಿ ಅಂತ ಹಿಂದೆ ನಿಂತೆವು. ಒಬ್ಬ ಅಜ್ಜಿ ಅಪ್ಪನಿಗೆ ತಾನೇ ಜಾಗ ಮಾಡಿಕೊಟ್ಟು, ಯಾವೂರು ಅಂತ ಕೇಳಿದರು. ಗುಬ್ಬಿ ಅಂದರೆ ಅವರಿಗೆ ಗೊತ್ತಾಗಲಿಲ್ಲ. ಅಪ್ಪ “ಹೊನ್ನಾವರ ರಸ್ತೆ” ಅಂದರು. ಬಿ.ಎಚ್. ರಸ್ತೆಯಣ್ಣನ ಮಾತು ನಾನೇ ಬಸ್ಸಿನಲ್ಲಿ ಹೇಳಿದ್ದೆ.

ನಡುಹೊಳೆಯಲ್ಲಿ ಅಪ್ಪ ಕೈ ಅದ್ದಿ ನಾಲಿಗೆಗೆ ಮುಟ್ಟಿಸಿಕೊಂಡರು. ಉಪ್ಪು. ಬೋರ್‌ವೆಲ್ ನೀರು ಸ್ವಲ್ಪ ಉಪ್ಪಾದರೆ ನಮ್ಮ ಅಡಿಕೆ ಒಣಗುತ್ತದೆ. ಅಲ್ಲಿ ದಡದ ಗದ್ದೆಗಳನ್ನು ತೋರಿಸಿ ಅವರು ಕೇಳಿದ್ದು ಒಂದೇ ಪ್ರಶ್ನೆ: ಈ ನೀರಲ್ಲಿ ಭತ್ತ ಹೇಗೆ ಬರುತ್ತೆ? ಅಜ್ಜಿ ಏನೋ ಹೇಳಿದರು, ಇಂಜಿನ್ ಸದ್ದಿಗೆ ಕೇಳಲಿಲ್ಲ. ವಾಪಸ್ ಬಂದ ಮೇಲೂ ಅಪ್ಪ ಅದನ್ನೇ ಕೇಳುತ್ತಿದ್ದಾರೆ. ಅಕ್ಕ, ನೀವೇ ಹೇಳಿ.

ಕುಮಟಾ ತವರು · ಬುಧವಾರ ಬೆಳಗ್ಗೆ

ಅಪ್ಪನಿಗೆ ಹೇಳಿ, ಅದು ಕಗ್ಗ ಭತ್ತ. ಉಪ್ಪು ನೀರನ್ನು ತಡೆದುಕೊಳ್ಳುವ ನಮ್ಮ ಹಳೆಯ ತಳಿ. ಆ ಗದ್ದೆಗೆ ಗಜನಿ ಅನ್ನುತ್ತಾರೆ. ಸುತ್ತಲೂ ಒಡ್ಡು ಕಟ್ಟಿ, ಹೊಳೆ ನೀರು ಒಳಗೆ ಹೊರಗೆ ಬಿಡಲು ಬಾಗಿಲು ಇಟ್ಟಿರುತ್ತಾರೆ. ಮಳೆ ಜೋರಾದಾಗ ಮಣ್ಣಿನ ಉಪ್ಪು ತೊಳೆದುಹೋಗುತ್ತದೆ, ಆಗ ಮೊಳಕೆ ಬಂದ ಬೀಜ ಚೆಲ್ಲುತ್ತಾರೆ. ಗೊಬ್ಬರ, ಔಷಧಿ ಏನೂ ಹಾಕುವುದಿಲ್ಲ. ಪೈರು ಎದೆಮಟ್ಟ ಬೆಳೆಯುತ್ತದೆ, ನೀರು ನಿಂತರೂ ತೇಲಿ ನಿಲ್ಲುತ್ತದೆ. ಮಳೆಗಾಲ ಮುಗಿದ ಮೇಲೆ ತೆನೆ ಮಾತ್ರ ಕೊಯ್ದು ಹುಲ್ಲು ಅಲ್ಲೇ ಬಿಡುತ್ತಾರೆ. ಆಮೇಲೆ ಬಾಗಿಲು ತೆಗೆದು ಉಪ್ಪು ನೀರು ಬಿಟ್ಟರೆ ಆ ಹುಲ್ಲಿನ ಬುಡದಲ್ಲಿ ಸೀಗಡಿ, ಮೀನು ಬೆಳೆಯುತ್ತವೆ. ಮಾಣಿಕಟ್ಟಾ ಊರಿನಲ್ಲಿ ಈಗಲೂ ಊರೆಲ್ಲಾ ಸೇರಿ ಕಗ್ಗ ಬೆಳೆಯುತ್ತಾರೆ.

ನಾನು ಸಂಕ್ರಾಂತಿಗೆ ಊರಿಗೆ ಹೋಗುತ್ತೇನೆ. ಬರುವಾಗ ಅಪ್ಪನಿಗೆ ಒಂದು ಸೇರು ಕಗ್ಗದ ಅಕ್ಕಿ ತರುತ್ತೇನೆ. ಗುಬ್ಬಿ ಬಸ್ ಸ್ಟ್ಯಾಂಡಿಗೆ ಬಂದು ತೆಗೆದುಕೊಂಡು ಹೋಗಿ.